ಬಿಳಿ ಕೆಪಾಸಿಟರ್

ನನ್ನ ಅಕ್ಕ ತೆಸ್ಲೆಮ್‌ಗೆ ನನ್ನ ಗಿಟಾರಿನ ಸ್ವರದಲ್ಲಿ ಬೆಳಕು ಸಾಲದಂತೆ. ಆ ಬೆಳಕನ್ನು ಹುಡುಕಿ ಹುಡುಕಿ ನನಗೆ ಕಣ್ಣು ಕತ್ತಲೆ ಬಂದಿತ್ತು.

ಗಿಟಾರಿನ ಹೊಟ್ಟೆಯೊಳಗೆ ಕೆಪಾಸಿಟರ್ ಅಂತ ಒಂದು ಸಾಮಾನಿದೆ, ಕಡಲೆಬೀಜದ ಗಾತ್ರದ್ದು. ಸ್ವರದ ಚೂಪಾದ ಭಾಗವನ್ನು ಒಂದಿಷ್ಟು ಸೋಸಿ ನೆಲಕ್ಕೆ ಚೆಲ್ಲುವುದು ಅದರ ಕೆಲಸ. ದೊಡ್ಡದು ಹಾಕಿದರೆ ಹೆಚ್ಚು ಚೆಲ್ಲುತ್ತದೆ, ಸ್ವರ ಮಂಕಾಗುತ್ತದೆ. ಚಿಕ್ಕದು ಹಾಕಿದರೆ ಕಡಿಮೆ ಚೆಲ್ಲುತ್ತದೆ, ಸ್ವರ ಬೆಳ್ಳಗಾಗುತ್ತದೆ. ಎಷ್ಟು ಚೆಲ್ಲಬೇಕು ಅನ್ನುವುದನ್ನು ಹೊರಗಿನ ಟೋನ್ ಗುಂಡಿ ತಿರುಗಿಸಿ ಹೇಳಬೇಕು. ವಿಷಯ ಇಷ್ಟೇ. ಇದನ್ನು ಅಕ್ಕನಿಗೆ ಬಿಡಿಸಿ ಹೇಳಿದ ಗಳಿಗೆ ಯಾವುದೋ ಕೆಟ್ಟ ಗಳಿಗೆ ಇರಬೇಕು. ಅವತ್ತಿನಿಂದ ಅವಳ ಬಾಯಲ್ಲಿ ಬೇರೆ ಮಾತಿಲ್ಲ.

"ಲೋ ಬೂನ, ಅದನ್ನ ಬದಲಾಯಿಸಿದ್ಯಾ?"

"ಬದಲಾಯಿಸಿದೆ ಅಕ್ಕ."

"ಎಲ್ಲಿ? ಇನ್ನೂ ಕಂಬಳಿ ಹೊದ್ಕೊಂಡೇ ಮಲಗಿದೆಯಲ್ಲೋ ನಿನ್ನ ಗಿಟಾರು!"

ಮೊದಲಿನಿಂದ ಇದ್ದ ನಲವತ್ತೇಳರ ಅಳತೆಯ ಕೆಪಾಸಿಟರ್ ತೆಗೆದು ಇಪ್ಪತ್ತೆರಡರದ್ದು ಹಾಕಿದೆ. ಅದನ್ನು ಕಿತ್ತು ಹದಿನೈದರದ್ದು ಹಾಕಿದೆ. ಪ್ರತಿ ಸಲ ತಂತಿ ಸಡಿಲಿಸಬೇಕು, ಮುಚ್ಚಳ ಬಿಚ್ಚಬೇಕು, ಬೆಸುಗೆಯ ಹೊಗೆ ಕುಡಿಯಬೇಕು, ಒಳಗೆ ಸೇರಿದ ನಮ್ಮ ನೌಕ್‌ಶೋಟ್ ಊರಿನ ಮರಳನ್ನು ಊದಬೇಕು, ಮತ್ತೆ ಎಲ್ಲ ಜೋಡಿಸಿ ಶ್ರುತಿ ಮಾಡಬೇಕು. ಆಮೇಲೆ ಅಕ್ಕ ಮೈಗೆ ಸುತ್ತಿದ ಮೆಲ್ಹಫದ ಸೆರಗನ್ನು ಹೆಗಲಿಗೆ ಎಸೆದು, "ಮಂಕು" ಅನ್ನುತ್ತಾಳೆ. ಒಂದೇ ಪದ. ಬಡಿದುಬಿಡೋಣ ಅನ್ನಿಸುತ್ತದೆ, ಅವಳನ್ನಲ್ಲ, ಗಿಟಾರನ್ನು ಗೋಡೆಗೆ.

ಅವಳ ಹಟಕ್ಕೆ ಕಾರಣ ಇತ್ತು, ಅದನ್ನೂ ಹೇಳಬೇಕು. ನಮ್ಮದು ಇಗ್ಗಿವ್ ಮನೆತನ, ಹಾಡುವುದು ನಮಗೆ ಹುಟ್ಟಿನಿಂದ ಬಂದದ್ದು. ಲೂಲೆಯ್ದ್ ಮನೆತನದವರ ಮದುವೆಗಳಲ್ಲಿ ನಮ್ಮವರು ಒಂಟೆಯ ಕಾಲದಿಂದ ಹಾಡುತ್ತಿದ್ದಾರೆ. ಅಲ್ಲಿ ಡೇರೆಯ ನಡುವಿನ ಜಾಗ ಮೊದಲು ಅಜ್ಜಿಯದು, ಆಮೇಲೆ ಅಮ್ಮನದು, ಈಗ ತೆಸ್ಲೆಮ್‌ದು. ಮೊನ್ನೆ ಆ ಮನೆಯ ಯಜಮಾನ ಶೈಖ್ನ ತಾನೇ ನಮ್ಮ ಮನೆಗೆ ಬಂದ. ಮೂರು ಸುತ್ತು ಚಹಾ ಕುಡಿದ, ನೊರೆಯನ್ನು ಹೊಗಳಿದ, ಆಮೇಲೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ.

"ಮೊಮ್ಮಗಳ ಮದುವೆ ಗುರುವಾರ. ತೆಸ್ಲೆಮ್ ಬರ್ಲೇಬೇಕು, ಅದರಲ್ಲಿ ಮಾತಿಲ್ಲ. ಆದ್ರೆ ಹೋದ ಸಲ ಯಾಕೋ ಗಿಟಾರು ಒಂದು ದಾರಿ, ಹಾಡು ಒಂದು ದಾರಿ ಹಿಡಿದ ಹಾಗಿತ್ತು. ಈ ಸಲ ಆಲಿಯಾನೂ ಪಕ್ಕದಲ್ಲಿ ಕೂತ್ಕೊಳ್ಳಲಿ. ದೊಡ್ಡವರಿಗೆ ಆಯಾಸ ಆಗಬಾರದು ನೋಡಿ."

ಆಲಿಯ ನನ್ನ ಮಗಳು. ಚೆನ್ನಾಗಿ ಹಾಡುತ್ತಾಳೆ. ಇವತ್ತು ಪಕ್ಕದಲ್ಲಿ ಕೂತವಳು ನಾಳೆ ನಡುವೆ ಕೂರುತ್ತಾಳೆ, ನಡುವೆ ಇದ್ದವಳು ಮನೆಯಲ್ಲಿ ಕೂರುತ್ತಾಳೆ. ಇದು ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಶೈಖ್ನನ ಕಾರು ಬೀದಿ ದಾಟುವ ಮೊದಲೇ ಅಕ್ಕ ತೀರ್ಪು ಕೊಟ್ಟಳು. ಅವಳ ಕಂಠಕ್ಕೆ ಏನೂ ಆಗಿಲ್ಲ. ನನ್ನ ಗಿಟಾರು ಮಂಕಾಗಿದೆ, ಅದರ ಪಕ್ಕದಲ್ಲಿ ಚಿನ್ನದಂಥ ಕಂಠವೂ ಮಂಕಾಗಿ ಕೇಳುತ್ತದೆ. ಗುರುವಾರದೊಳಗೆ ಗಿಟಾರು ಬೆಳಗಬೇಕು.

ಗುಂಡಿ ಪೂರ್ತಿ ತೆರೆದರೆ ಆಯಿತು, ಆಗ ಕೆಪಾಸಿಟರ್ ಇದ್ದರೂ ಇಲ್ಲದ ಹಾಗೇ ಎಂದು ನಾನು ಬಡಕೊಂಡೆ. ಅವಳು ಕೇಳಬೇಕಲ್ಲ. "ಸಾಮಾನೇ ಹಾಳಾಗಿರೋವಾಗ ಗುಂಡಿ ಏನು ಮಾಡುತ್ತೆ? ನಡಿ, ನಾನೇ ಬರ್ತೀನಿ, ನಾನೇ ಆರಿಸ್ತೀನಿ" ಎಂದು ಹೊರಟೇಬಿಟ್ಟಳು.

ಮೊಬೈಲ್ ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿ ದೆಂಬನ ಅಂಗಡಿ. ಹಳೆಯ ರೇಡಿಯೋ, ಟಿವಿಗಳ ಕರುಳು ಬಗೆದು ಮಾರುವುದು ಅವನ ಕಸುಬು. ಅದಕ್ಕಿಂತ ಚೆನ್ನಾಗಿ ಸುಳ್ಳು ಮಾರುತ್ತಾನೆ. ಅಕ್ಕನನ್ನು ಕಂಡವನೇ ಎದ್ದು ತನ್ನ ಸ್ಟೂಲನ್ನು ಅಂಗಿಯ ತೋಳಿನಿಂದಲೇ ಒರೆಸಿದ.

"ಬನ್ನಿ ಅಕ್ಕೋರೆ, ಬನ್ನಿ! ಇಷ್ಟು ದಿನ ನಿಮ್ಮ ಕ್ಯಾಸೆಟ್ ಹಾಕಿ ಅಂಗಡಿ ತೆಗೀತಿದ್ದೆ, ಇವತ್ತು ನೀವೇ ಬಂದ್ರಿ. ಏನು ಬೇಕು ಹೇಳಿ."

"ಇವನ ಗಿಟಾರಿಗೆ ಬೆಳಕು ಬೇಕು," ಅಂದಳು ಅಕ್ಕ.

"ಅಷ್ಟೇನಾ? ನೋಡಿ, ಇದು ರಷ್ಯಾದ್ದು. ಯುದ್ಧವಿಮಾನದಿಂದ ಬಿಚ್ಚಿದ್ದು. ಒಳಗೆ ಎಣ್ಣೆ ತುಂಬಿದ್ದಾರೆ."

"ವಿಮಾನದಲ್ಲಿ ಯಾರಯ್ಯಾ ಗಿಟಾರು ಬಾರಿಸ್ತಿದ್ರು?" ಅಂತ ನಾನು ಕೇಳಿದೆ.

"ನೀನು ಸುಮ್ನಿರೋ. ಬೇರೆ ತೋರಿಸಪ್ಪ."

"ಇದು ಜರ್ಮನಿದು. ಇದು ಫ್ರೆಂಚರು ಬಿಟ್ಟು ಹೋದ ರೇಡಿಯೋದ್ದು, ಈಗ ಎಲ್ಲೂ ಸಿಗಲ್ಲ. ಇದರ ಸ್ವರ ಹೆಂಗೆ ಅಂದ್ರೆ, ಅಕ್ಕೋರೆ, ಸತ್ತವರು ಎದ್ದು ಕುಣೀಬೇಕು."

"ಸತ್ತವರು ಬೇಡ, ಬದುಕಿರೋರು ಕುಣಿದ್ರೆ ಸಾಕು. ಬಿಳೀದು ಇದೆಯಾ?"

ನನಗೆ ಮೈಯೆಲ್ಲ ಉರಿಯಿತು. "ಅಕ್ಕ, ಬಣ್ಣಕ್ಕೂ ಸ್ವರಕ್ಕೂ ಏನು ಸಂಬಂಧ? ಬಟ್ಟೆ ಅಂಗಡಿಗೆ ಬಂದಿದ್ದೀವಾ? ಅದರ ಮೇಲಿರೋ ಅಂಕಿ ನೋಡ್ಬೇಕು!"

"ಅಂಕಿ ನೋಡಿ ನೋಡಿ ಉದ್ಧಾರ ಆಗಿದ್ದು ಕಂಡಿದ್ದೀನಿ ಬಿಡು."

ದೆಂಬ ಡಬ್ಬಿ ಕೆದಕಿ ಒಂದು ಬಿಳಿಯದನ್ನು ತೆಗೆದ. ನಾನು ಅಂಕಿ ನೋಡಿದೆ. ಬರೀ ನಾಲ್ಕು ಪಾಯಿಂಟ್ ಏಳು, ಹದಿನೈದರ ಮೂರನೇ ಒಂದು ಪಾಲೂ ಇಲ್ಲ! ಅದನ್ನು ಹಾಕಿದರೆ ಗುಂಡಿ ತಿರುಗಿಸಿದರೂ ಚೂಪು ಇಳಿಯುವುದಿಲ್ಲ, ಕೇಳುವವರ ಹಲ್ಲು ಜುಂ ಅನ್ನುತ್ತದೆ. ಹಾಗಂತ ಹೇಳಿದೆ. ಅಕ್ಕ ಅಷ್ಟರಲ್ಲಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು.

ಮನೆಗೆ ಬಂದು ಹಾಕಿದೆ. ಆಂಪ್ಲಿಫೈಯರಿಗೆ ಸಿಕ್ಕಿಸಿ ಸಣ್ಣ ತಂತಿ ಮೀಟಿದೆ. ಚಹಾ ಕಾಯಿಸುತ್ತಿದ್ದ ಆಲಿಯ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಅಂಗಳದ ಮೇಕೆ ಕಟ್ಟಿದ ಹಗ್ಗ ಜಗ್ಗಿತು. ಪಕ್ಕದ ಮನೆಯವನು ಗೋಡೆಯ ಆಚೆಯಿಂದ, "ಯಾರನ್ನೋ ಕುಯ್ತಾ ಇರೋದು?" ಎಂದು ಕೂಗಿದ.

ಅಕ್ಕ ತಲೆ ಓರೆ ಮಾಡಿ ಕೇಳಿದಳು. ಕೇಳಿ, "ಮಂಕು" ಅಂದಳು.

ಅಲ್ಲಿಗೆ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ಏನು ಮಂಕು? ಮೇಕೆಗೂ ಕೇಳ್ತು, ನಿಂಗೆ ಮಂಕು! ಇನ್ನೇನು ಸೂಜಿ ತಗೊಂಡು ಕಿವಿಗೆ ಚುಚ್ಚಲಾ?"

"ಚುಚ್ಚೋ, ಚುಚ್ಚು. ನಂಗೇನು ತಿಳಿಯಲ್ಲ ಅಂದ್ಕೊಂಡ್ಯಾ? ಬೇಕಂತಲೇ ಮಂಕು ಮಾಡ್ತಿದ್ದೀಯ. ನಾನು ಎದ್ರೆ ನಿನ್ನ ಮಗಳಿಗೆ ಜಾಗ ಆಗುತ್ತಲ್ಲ!"

"ಅತ್ತೆ!" ಅಂದಳು ಆಲಿಯ. ಕೈಯಲ್ಲಿದ್ದ ಲೋಟದಿಂದ ಚಹಾ ಚೆಲ್ಲಿತು.

ನನಗೂ ರೇಗಿತು. ಬಾಯಿಗೆ ಬಂದದ್ದನ್ನು ಅಂದೇಬಿಟ್ಟೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಹಾಡುವವಳಿಗೆ, ಅದರಲ್ಲೂ ತೆಸ್ಲೆಮ್‌ಗೆ, ಇಡೀ ನೌಕ್‌ಶೋಟ್‌ನಲ್ಲಿ ಯಾರೂ ಆ ಮಾತು ಅಂದಿರಲಾರರು. ಅವಳು ಎದ್ದು ಮೂಲೆಗೆ ಹೋಗಿ, ನಮಗೆ ಬೆನ್ನು ಹಾಕಿ ಕೂತು, ತನ್ನ ತಂತಿವಾದ್ಯ ಆರ್ದೀನ್ ತೆಗೆದು ತೊಡೆಯ ಮೇಲಿಟ್ಟುಕೊಂಡು ತಂತಿ ಬಿಗಿಯತೊಡಗಿದಳು.

ಒಪ್ಪಿಸಿಯೇ ತೀರುತ್ತೇನೆ ಅಂತ ನನಗೂ ಹಟ ಬಂತು. ಬಿಳಿಯದನ್ನು ಕಿತ್ತು ಅಂಗಳಕ್ಕೆ ಎಸೆಯಬೇಕೆನ್ನಿಸಿತು, ಎಸೆಯಲಿಲ್ಲ. ಪಕ್ಕಕ್ಕಿಟ್ಟು ಮೊದಲಿನ ದಪ್ಪದ್ದನ್ನೇ ಬೆಸೆದೆ. ಗುಂಡಿಯನ್ನು ಪೂರ್ತಿ ಮುಚ್ಚಿದೆ. ಸಣ್ಣ ತಂತಿ ಮೀಟಿದರೆ ಬಾವಿಯೊಳಗಿಂದ ಬಂದ ಹಾಗೆ ಕೇಳಿತು.

"ಈಗ ಹೆಂಗಿದೆ?" ಅಂತ ಕೂಗಿದೆ.

"ಹಂಗೇ ಇದೆ," ಅಂದಳು, ತಿರುಗದೆ.

ಗುಂಡಿಯನ್ನು ಪೂರ್ತಿ ತೆರೆದೆ. ಆಲಿಯ ಮುಖ ಕಿವುಚಿದಳು. "ಈಗ?"

"ಹಂಗೇ ಇದೆ ಅಂದ್ನಲ್ಲ."

ಈಗ ಸಿಕ್ಕಿಬಿದ್ದಳು ಎಂದು ನಗಲು ತೆರೆದ ಬಾಯಿ ತೆರೆದೇ ಉಳಿಯಿತು. ಯಾಕೆಂದರೆ ಆಗ ನನ್ನ ಬೆರಳು ತಾನಾಗಿ ಸಣ್ಣ ತಂತಿಯ ಮೇಲೆ ಕರೆ ನುಡಿಸಿತ್ತು. ಕರೆ ಅಂದರೆ, ಒಂದು ಮಟ್ಟು ಮುಗಿಸಿ ಮುಂದಿನದಕ್ಕೆ ಹೋಗುವ ಮೊದಲು ವಾದ್ಯದವನು ಹಾಡುವವಳಿಗೆ ಕೊಡುವ ಪುಟ್ಟ ಸೂಚನೆ. ಅಪ್ಪ ಅದನ್ನು ತನ್ನ ಹಳೆಯ ವಾದ್ಯ ತಿದಿನಿತ್‌ನ ಸಣ್ಣ ತಂತಿಯ ಮೇಲೆ ಕೊಡುತ್ತಿದ್ದ, ನಾನು ಗಿಟಾರಿನ ಸಣ್ಣ ತಂತಿಯ ಮೇಲೆ. ಅದು ಕಿವಿಗೆ ಬಿದ್ದರೆ ತೆಸ್ಲೆಮ್‌ಳ ತಲೆ ನಿದ್ದೆಯಲ್ಲಿದ್ದರೂ ಮೇಲೇಳುತ್ತದೆ, ಹುಡುಗಿಯಾಗಿದ್ದಾಗಿನಿಂದ ಹಾಗೆ. ಈಗ ಅವಳು ಬಗ್ಗಿ ತಂತಿ ಬಿಗಿಯುತ್ತಲೇ ಇದ್ದಳು. ಇನ್ನೊಮ್ಮೆ ಕೊಟ್ಟೆ. ಗಟ್ಟಿಯಾಗಿ ಕೊಟ್ಟೆ. ಅವಳು ತನ್ನ ಪಾಡಿಗೆ ಏನೋ ಗುನುಗುತ್ತಿದ್ದಳು, ಅದೂ ಶುದ್ಧ ಶ್ರುತಿಯಲ್ಲಿ.

ಎಷ್ಟು ಮದುವೆ! ಎಷ್ಟು ವರ್ಷ ಆ ತಗಡಿನ ಸ್ಪೀಕರುಗಳ ಬಾಯಿಗೆ ಕಿವಿ ಕೊಟ್ಟು ಕೂತಿದ್ದಾಳೆ! ಮಾತು ಕೇಳುತ್ತದೆ, ಡೋಲು ಕೇಳುತ್ತದೆ, ತನ್ನ ಕಂಠ ಕೇಳುತ್ತದೆ. ಚೂಪಾದದ್ದು ಮಾತ್ರ ಅವಳಿಗೆ ಹೊರಟುಹೋಗಿದೆ. ಅದನ್ನು ನಾನು ಕಡಲೆಬೀಜದಷ್ಟು ಸಾಮಾನಿನಲ್ಲಿ ಹುಡುಕುತ್ತಿದ್ದೆ.

"ಅಪ್ಪಾ..." ಅಂದಳು ಆಲಿಯ, ಮೆಲ್ಲಗೆ. ಅವಳಿಗೂ ಗೊತ್ತಾಗಿತ್ತು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅಕ್ಕ ಈ ಕಡೆ ತಿರುಗಿದಾಗ, "ಬಿಳೀದೇ ವಾಸಿ ಅಕ್ಕ. ಅದನ್ನೇ ಹಾಕ್ತೀನಿ" ಅಂದೆ. ನನಗೆ ಅಳು ಬರುವಂತಾಗಿತ್ತು, ಜೊತೆಗೇ ಸಿಟ್ಟು ಕೂಡ ಇತ್ತು. ಸಿಟ್ಟು ಯಾರ ಮೇಲೆ ಅಂತ ಕೇಳಿದರೆ ಹೇಳಲು ಬಾರದು.

ಹೇಳಿಬಿಡಬಹುದಿತ್ತಲ್ಲ ಅನ್ನಬಹುದು. ಇಗ್ಗಿವ್ ಹೆಣ್ಣಿಗೆ ಕಿವಿ ಹೋಗಿದೆ ಎಂದು ಗುರುವಾರದ ಮದುವೆಯ ಮೊದಲು ಹೇಳುವ ಗಂಡಸು ಇದ್ದರೆ ಬಂದು ಹೇಳಲಿ. ನಾನೂ ಆಲಿಯಳೂ ಬೇರೆ ಉಪಾಯ ಮಾಡಿದೆವು. ನಾನು ಕರೆ ಕೊಟ್ಟಾಗ ಪಕ್ಕದಲ್ಲಿ ಕೂತ ಆಲಿಯ ಅತ್ತೆಯ ಮಂಡಿ ಮುಟ್ಟಬೇಕು, ಅಷ್ಟೇ.

ಗುರುವಾರ ಸಂಜೆ ಲೂಲೆಯ್ದ್ ಮನೆಯ ಮುಂದೆ ಮರಳಿನ ಮೇಲೆ ಡೇರೆ ಎದ್ದಿತ್ತು. ಗಾಡಿಗಳು, ಧೂಪ, ಸಿಹಿ ಹಾಲಿನ ಝ್ರೀಗ್ ತುಂಬಿದ ಬಟ್ಟಲುಗಳು, ಹೆಂಗಸರ ನಗು. ತೆಸ್ಲೆಮ್ ನಡುವಿನ ಜಾಗದಲ್ಲಿ ಜನರಿಗೆ ಮುಖ ಮಾಡಿ ಕೂತಳು, ನಾನು ಅವಳ ಬೆನ್ನ ಹಿಂದೆ. ಮುಂದಿನ ಸಾಲಿನಲ್ಲಿ ಮುದುಕ ದದ್ದಾಹ್ ದಿಂಬಿಗೆ ಒರಗಿದ್ದ. ಸಂಗೀತದ ತಪ್ಪು ಹಿಡಿಯುವುದು ಬಿಟ್ಟರೆ ಆ ಮನುಷ್ಯನಿಗೆ ಲೋಕದಲ್ಲಿ ಬೇರೆ ಸುಖವಿಲ್ಲ.

ನಮ್ಮ ಮಟ್ಟುಗಳು ಐದು. ಕಾರ್ ಎಂಬ ಮಟ್ಟಿನಲ್ಲಿ ಶುರು ಮಾಡಿ ಲೆಬ್ತೈತ್ ಎಂಬುದರಲ್ಲಿ ಮುಗಿಸಬೇಕು. ನಡುವೆ ಕಪ್ಪು ಅನ್ನುವ ಮಟ್ಟು ಬರುತ್ತದೆ, ಅದರ ಮುಂದೆ ಬಿಳಿ ಅನ್ನುವುದು. ಮುಂದಕ್ಕೆ ಹೋಗಬಹುದು, ಹಿಂದಕ್ಕೆ ಮಾತ್ರ ಬರುವಂತಿಲ್ಲ. ಮುದುಕ ಮಗುವಾಗುತ್ತಾನೆಯೇ? ಹಾಗೆ. ಹಿಂದಕ್ಕೆ ಬಂದ ವಾದ್ಯದವನ ಕಥೆಯನ್ನು ಅವನ ಮೊಮ್ಮಕ್ಕಳ ಕಾಲದವರೆಗೆ ಹೇಳಿಕೊಂಡು ನಗುತ್ತಾರೆ.

ಮೊದಲ ಮಟ್ಟು ದಾಟುವಾಗ ಉಪಾಯ ನಡೆಯಿತು. ಎರಡನೆಯದಕ್ಕೂ ನಡೆಯಿತು, ಆದರೆ ಅಕ್ಕನ ಹುಬ್ಬು ಗಂಟಿಕ್ಕಿತು. ಕಪ್ಪು ಮಟ್ಟಿನಲ್ಲಿ ಅವಳು ಎಂಥ ಹಾಡು ಹಾಡಿದಳು! ಗಂಡಸರು ಕೂಗಿದರು, ಹೆಂಗಸರು ಎದ್ದು ಕೈ ಬಳುಕಿಸಿದರು. ನನ್ನ ಗಿಟಾರಿನ ಬಿಳಿ ಕೆಪಾಸಿಟರಿಗೆ ಸ್ಪೀಕರಿನ ಹತ್ತಿರ ಕೂತವರು ಮುಖ ಹಿಂಡುತ್ತಿದ್ದರು, ಅದು ಬೇರೆ ಮಾತು. ನಾನು ಸಣ್ಣ ತಂತಿಯ ಮೇಲೆ ಕರೆ ಕೊಟ್ಟೆ. ಆಲಿಯ ಮಂಡಿ ಮುಟ್ಟಲು ಕೈ ಚಾಚಿದಳು.

"ಕೈ ತೆಗಿಯೇ! ನೊಣದ ಹಾಗೆ ಆಗಿಂದ ಏನು ನಿಂದು!" ಎಂದು ಅಕ್ಕ ಆ ಕೈಗೆ ಫಟ್ಟನೆ ಒಂದು ಕೊಟ್ಟಳು.

ನನ್ನ ಬೆರಳು ಅಷ್ಟರಲ್ಲಿ ಬಿಳಿಗೆ ದಾಟಿತ್ತು. ಅಕ್ಕ ಕಪ್ಪಿನಲ್ಲೇ ಇದ್ದಳು. ಕಣ್ಣು ಮುಚ್ಚಿ, ತಲೆ ಎತ್ತಿ, ಊರಿಗೆಲ್ಲ ಕೇಳುವ ಹಾಗೆ, ಕಪ್ಪಿನಲ್ಲಿ. ಎರಡು ಮಟ್ಟು ಒಂದಕ್ಕೊಂದು ಡಿಕ್ಕಿ ಹೊಡೆಯುವ ಸದ್ದಿಗೆ ಕುಣಿಯುತ್ತಿದ್ದವರ ಕೈಗಳು ಗಾಳಿಯಲ್ಲಿ ನಿಂತವು. ದದ್ದಾಹ್ ದಿಂಬಿನಿಂದ ಎದ್ದು ಕೂತ. ಶೈಖ್ನ ಆಲಿಯಳ ಕಡೆ ನೋಡಿದ. ಆ ನೋಟ ನಾನು ಕಂಡೆ. ಇನ್ನೊಂದು ಸಾಲು ಅಕ್ಕ ಹೀಗೇ ಹಾಡಿದರೆ ತಪ್ಪು ಅವಳದಾಗುತ್ತದೆ, ಮತ್ತೆ ಆ ಜಾಗ ಅವಳಿಗಿಲ್ಲ.

ನಾನು ಹಿಂದಕ್ಕೆ ಬಂದೆ. ಬಿಳಿಯಿಂದ ಕಪ್ಪಿಗೆ, ತುಂಬಿದ ಡೇರೆಯಲ್ಲಿ, ಅಪ್ಪನ ಹೆಸರು ಹೊತ್ತುಕೊಂಡು.

"ಹಿಂದಕ್ಕೆ ಬಂದ್ನಲ್ಲೋ!" ದದ್ದಾಹ್ ತೊಡೆ ತಟ್ಟಿಕೊಂಡು ಕೂಗಿದ. "ಯಾ ಅಲ್ಲಾ, ಇವನು ಹಿಂದಕ್ಕೆ ಬಂದ! ಇನ್ನು ನಂಗೂ ಹಲ್ಲು ಹುಟ್ಟುತ್ತೆ ಕಣ್ರಪ್ಪಾ!"

ಡೇರೆಗೆ ಡೇರೆಯೇ ನಕ್ಕಿತು. ನಗಲಿ. ಅಕ್ಕನ ಹಾಡು ಕಪ್ಪಿನಲ್ಲಿ ಗಿಟಾರಿನ ಮೇಲೆ ನೆಟ್ಟಗೆ ನಿಂತಿತ್ತು. ಈಗ ಅವಳನ್ನು ಮುಂದಕ್ಕೆ ಕರೆಯುವುದು ಹೇಗೆ? ಅಪ್ಪನ ಕೈ, ಅಜ್ಜನ ಕೈ, ಎಲ್ಲರ ಕೈಯೂ ಸಣ್ಣ ತಂತಿಯ ಮೇಲೇ ಕರೆ ಕೊಟ್ಟದ್ದು. ಬೇರೆ ತಂತಿ ಇದೆ ಅನ್ನುವುದು ಅಲ್ಲಿಯವರೆಗೆ ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ. ಅದೇ ಕರೆಯನ್ನು ದಪ್ಪ ತಂತಿಯ ಮೇಲೆ ಹೊಡೆದೆ. ನೆಲದ ಚಾಪೆ ಅದುರಿತು. ಅಕ್ಕನ ತಲೆ ಮೇಲೆದ್ದಿತು, ಹುಡುಗಿಯಾಗಿದ್ದಾಗ ಏಳುತ್ತಿತ್ತಲ್ಲ, ಹಾಗೇ. ಮರುಕ್ಷಣ ಅವಳು ಬಿಳಿಯೊಳಗೆ ಕಾಲಿಟ್ಟಳು, ನಾನು ಅವಳ ಹಿಂದೆ. ಆಮೇಲೆ ಯಾರೂ ನಗಲಿಲ್ಲ. ಲೆಬ್ತೈತ್ ಮುಗಿಯುವಾಗ ದದ್ದಾಹ್ ಕೂಡ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಸಾಮಾನು ಕಟ್ಟುವಾಗ ಶೈಖ್ನ ಬಂದ. ನಾನು ಆಂಪ್ಲಿಫೈಯರಿನ ತಂತಿ ಸುತ್ತುತ್ತಾ ಅಲ್ಲೇ ಕೂತಿದ್ದೆ, ಅವನು ನಾನಿಲ್ಲ ಅನ್ನುವಂತೆಯೇ ಮಾತಾಡಿದ.

"ತೆಸ್ಲೆಮ್, ಈ ಡೇರೆ ಇರೋ ತನಕ ಆ ಜಾಗ ನಿಮ್ಮದೇ. ಇನ್ನು ಆ ಮಾತಿಲ್ಲ. ಆದ್ರೆ ಗಿಟಾರಿಗೆ ಮುಂದಿನ ಸಲ ಬೇರೆ ಯಾರನ್ನಾದ್ರೂ ಕರ್ಕೊಂಡು ಬನ್ನಿ. ಹಿಂದಕ್ಕೆ ಬರೋದು ಅಂದ್ರೆ ಏನು! ನಮ್ಮ ಮನೆ ಮರ್ಯಾದೆ ಪ್ರಶ್ನೆ."

ಅಕ್ಕ ಸೆರಗು ಸರಿಮಾಡಿಕೊಂಡಳು.

"ಗಿಟಾರಿಗೆ ಹಾಳು ಸಾಮಾನು ಹಾಕಿಸಿದವಳು ನಾನು, ಶೈಖ್ನ. ಇವನು ಬೇಡ ಬೇಡ ಅಂತ ಬಡ್ಕೊಂಡ. ನಾನೇ ಅಂಗಡಿಗೆ ಹೋಗಿ, ಬಣ್ಣ ನೋಡಿ ತಂದೆ. ತಪ್ಪು ನಂದು. ಇವನಿದ್ರೆ ನಾನು ಬರ್ತೀನಿ, ಇಲ್ದಿದ್ರೆ ನೀವು ರೇಡಿಯೋ ಹಾಕ್ಕೊಳ್ಳಿ."

ಶೈಖ್ನ ಗಡ್ಡ ನೀವಿಕೊಂಡು ಹೋದ. ದಾರಿಯುದ್ದಕ್ಕೂ ಕಾರಿನಲ್ಲಿ ಆಲಿಯ ಅತ್ತೆಯ ಹೆಗಲಿಗೆ ಒರಗಿ ನಿದ್ದೆ ಮಾಡಿದಳು.

ಮರುದಿನ ಬೆಳಗ್ಗೆ ಚಹಾ ಕುಡಿಯುತ್ತಾ ಅಕ್ಕ ನನ್ನ ಹಳೆಯ ಕೆಪಾಸಿಟರ್‌ಗಳ ತಗಡಿನ ಡಬ್ಬಿಯನ್ನು ಚಾಪೆಯ ಮೇಲೆ ಬೋರಲು ಹಾಕಿದಳು. ಇಪ್ಪತ್ತೆರಡರದ್ದು, ಹದಿನೈದರದ್ದು, ಎಲ್ಲ ಸರಿಸಿ, ಮೊದಲಿನಿಂದ ಗಿಟಾರಿನಲ್ಲಿದ್ದ ದಪ್ಪದ್ದನ್ನು ಆರಿಸಿ ನನ್ನ ಮುಂದಿಟ್ಟಳು.

"ಇದನ್ನ ಹಾಕು."

"ಇದು ಮಂಕು ಅಕ್ಕ."

"ಮಂಕಾಗೇ ಇರಲಿ. ಬೇರೆಯವರ ಕಿವಿ ಯಾಕೆ ಹಾಳು ಮಾಡ್ತೀಯ?"

ಅವಳು ಖಾಲಿ ಲೋಟವನ್ನು ತಟ್ಟೆಯಲ್ಲಿಟ್ಟು, ನನ್ನ ಬೆನ್ನಿಗೆ ಗುದ್ದಿದಳು, ಚಿಕ್ಕಂದಿನಲ್ಲಿ ಗುದ್ದುತ್ತಿದ್ದ ಜಾಗಕ್ಕೇ.

"ಕತ್ತೆ. ಹಿಂದಕ್ಕೆ ಬಂದ್ಯಲ್ಲೋ. ಅಪ್ಪ ಇದ್ದಿದ್ರೆ ಕೈ ಮುರೀತಿದ್ದ." ಉಳಿದ ಸಾಮಾನನ್ನೆಲ್ಲ ಡಬ್ಬಿಗೆ ತುಂಬಿದಳು. "ಇನ್ನೊಂದ್ಸಲ ಹಂಗೆ ಬರಬೇಡ. ಹೊರಡೋ ಮುಂಚೆ ನಾನು ಎಲ್ಲಿದ್ದೀನಿ ಅಂತ ನೋಡ್ಕೊಂಡು ಹೊರಡು. ದಪ್ಪ ತಂತೀಲೇ ಕರಿ."

"ಆಗ್ಲಿ ಅಕ್ಕ," ಅಂದೆ. ಗಿಟಾರಿನ ಮುಚ್ಚಳ ಬಿಚ್ಚಿ, ಬೆಸುಗೆ ಕಡ್ಡಿಯನ್ನು ಕಾಯಲು ಇಟ್ಟೆ.